ನಮ್ಮ ಪಿ.ಟಿ. ಮೇಡಂ ಸಾಕಿದ ಹೆಪ್ಪು

ಅವರನ್ನು ನಾನು ಮೊದಲ ಸಲ ನೋಡಿದಾಗ ಅವರು ಒಬ್ಬ ಗಂಡಸಿಗೆ ಹೊಡೆಯುತ್ತಿದ್ದರು. ಚಾಮರಾಜನಗರದಿಂದ ವರ್ಗವಾಗಿ ಗುಂಡ್ಲುಪೇಟೆಯ ಪ್ರೌಢಶಾಲೆಗೆ ಸೇರಲು ಬಂದ ದಿನ ಅದು. ಬಸ್ ನಿಲ್ದಾಣದಲ್ಲಿ ಟ್ರಂಕು ಇಳಿಸಿಕೊಂಡು ನಿಂತಿದ್ದೆ. ಎತ್ತರದ ಆಳು, ಅಗಲ ಭುಜ, ಚೂಡಿದಾರದ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಸೀಟಿ. ನೂಕುನುಗ್ಗಲಿನಲ್ಲಿ ಶಾಲೆಯ ಹುಡುಗಿಯೊಬ್ಬಳ ಮೈಮೇಲೆ ಕೈ ಹಾಕಿದವನನ್ನು ಕೊರಳಪಟ್ಟಿ ಹಿಡಿದು ಎಳೆದು, ಕೆನ್ನೆಗೆ ಒಂದು ಬಾರಿಸಿದರು. ಅವನು ಟೊಮೆಟೊ ಕ್ರೇಟುಗಳ ಮೇಲೆ ಬಿದ್ದ. ಎದ್ದು ಬೈಯಲು ಬಾಯಿ ತೆರೆದಾಗ ಇನ್ನೊಂದು ಬಿತ್ತು. ತುಟಿ ಒಡೆದು ರಕ್ತ ಬಂತು.

"ಇನ್ನೊಂದ್ ಮಾತಾಡ್ಲಾ. ಅಲ್ಲು ಒಂದೂ ಉಳಿಯಾಕಿಲ್ಲ," ಎಂದರು.

ಆಮೇಲೆ ನನ್ನ ಕಡೆ ತಿರುಗಿ, ಏನೂ ಆಗಿಲ್ಲವೆಂಬಂತೆ, "ಒಸ ಸೈನ್ಸ್ ಮೇಷ್ಟ್ರಮ್ಮ ನೀವೇಯಾ? ಎಡ್‌ಮಾಸ್ಟ್ರು ಕರ್ಕೊಂಡ್ ಬಾ ಅಂದ್ರು. ಮನೆ ನೋಡಿವ್ನಿ, ಬನ್ನಿ," ಎಂದು ನನ್ನ ಟ್ರಂಕನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ನಡೆದೇಬಿಟ್ಟರು.

ಅವರು ನೋಡಿದ್ದ ಮನೆ ಅವರ ಮನೆಯ ಪಕ್ಕದ್ದೇ. ಒಂದೇ ಮಾಡಿನ ಕೆಳಗೆ ಎರಡು ಸಂಸಾರ, ಹಿಂದೆ ಇಬ್ಬರಿಗೂ ಸೇರಿ ಒಂದು ಹಿತ್ತಿಲು. ಶಾಲೆಯಲ್ಲಿ ಅವರು ನನಗೆ ಮೇಡಂ, ಹಿತ್ತಿಲಿನಲ್ಲಿ ಅಕ್ಕ. ಹೋದ ತಿಂಗಳು ಆಟದ ಮೈದಾನದಲ್ಲಿ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದವರು ಹಾಗೆಯೇ ಕುಸಿದು ಕೂತರಂತೆ. ಎತ್ತುವಷ್ಟರಲ್ಲಿ ಜೀವ ಹೋಗಿತ್ತು. ಮಣ್ಣು ಮಾಡಿ ಬಂದ ಮೇಲೆ ಅವರನ್ನು ಕುರಿತು ಯಾರು ಏನು ಕೇಳಿದರೂ ನನ್ನ ಕಣ್ಣಿಗೆ ಅವರ ಕೈಗಳೇ ಬರುತ್ತವೆ.

ಆ ಕೈಗೆ ಇಡೀ ಶಾಲೆ ಹೆದರುತ್ತಿತ್ತು. ಬೆತ್ತ ಹಿಡಿದರೆ ಹುಡುಗರ ಅಂಗೈ ಊದಿಸದೆ ಬಿಡುತ್ತಿರಲಿಲ್ಲ. ಹೊಡೆದ ದಿನ ಮಾತ್ರ ಮಧ್ಯಾಹ್ನದ ಡಬ್ಬಿ ಮುಟ್ಟುತ್ತಿರಲಿಲ್ಲ. ಒಮ್ಮೆ ಕೇಳಿದೆ, "ಇಷ್ಟು ಸಂಕಟಪಡೋದಾದರೆ ಯಾಕಕ್ಕ ಹೊಡೀತೀರಿ?"

"ಇದು ನನ್ ಕೈ ಅಲ್ಲ ಕಣ ಮೇಷ್ಟ್ರಮ್ಮ, ನಮ್ಮಪ್ಪಂದು. ನಾನ್ ಬ್ಯಾಡ ಅನ್ನೋದ್ರೊಳಗೆ ಬೀಸ್ಬುಡ್ತದೆ."

ಅವರ ಊರು ಉಡಿಗಾಲದ ಆಚೆ. ಅರಿಸಿನ, ಬಾಳೆ ಬೆಳೆಯುವ ಸ್ಥಿತಿವಂತರ ಮನೆ. ಅಪ್ಪ ಎತ್ತಿಗೆ ಹೊಡೆಯುವ ಬಾರುಕೋಲನ್ನೇ ಮನೆಯವರಿಗೂ ಬಳಸುತ್ತಿದ್ದರು. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನಿಗೆ ಅನ್ನ ಕಲಸಿ ತಿನ್ನಿಸಿದ್ದು, ಮೀಯಿಸಿದ್ದು, ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟಿದ್ದು ಇವರೇ. ತಮ್ಮ ಒಂದು ದಿನ ಎತ್ತುಗಳನ್ನು ಪಕ್ಕದವರ ಅರಿಸಿನದ ಹೊಲಕ್ಕೆ ಬಿಟ್ಟುಬಿಟ್ಟ. ಅಪ್ಪ ಬಾವಿಕಟ್ಟೆಯ ಹತ್ತಿರ ಅವನನ್ನು ಕೆಡವಿಕೊಂಡು ಬಡಿಯತೊಡಗಿದರು. ಹುಡುಗ ಸತ್ತೇಹೋಗುತ್ತಾನೆ ಎನ್ನಿಸಿ ಇವರು ಅವನ ಮೇಲೆ ಕವುಚಿ ಮಲಗಿದರು. ಅಪ್ಪ ನಿಲ್ಲಿಸಲಿಲ್ಲ. ಕತ್ತಿನ ಹಿಂದಿನಿಂದ ಭುಜದವರೆಗೆ ಹಗ್ಗದಂತೆ ಉಬ್ಬಿದ್ದ ಆ ಬರೆಯನ್ನು ನಾನು ನೋಡಿದ್ದೇನೆ, ಎಣ್ಣೆಸ್ನಾನಕ್ಕೆ ಬೆನ್ನು ತಿಕ್ಕುವಾಗ. ಮುಟ್ಟಿದರೆ ಅಷ್ಟು ವರ್ಷದ ಮೇಲೂ ಮೈ ಬಿಗಿಹಿಡಿಯುತ್ತಿದ್ದರು. ಮದುವೆಯ ಮಾತು ಬಂದಾಗಲೆಲ್ಲ, "ಒಬ್ಬನ್ತಾವ ತಿಂದಿದ್ದೇ ಸಾಕು," ಎಂದು ನಗುತ್ತಿದ್ದರು.

ತಮ್ಮನ ಮಗಳು ಕಾಲೇಜು ಓದಲು ಬಂದು ಇವರ ಮನೆಯಲ್ಲೇ ಇದ್ದಳು. ಚೂಟಿ ಹುಡುಗಿ. ಡಿಗ್ರಿ ಮುಗಿಸಿ ಊಟಿ ರಸ್ತೆಯಲ್ಲಿ ಕಾಡಿನಂಚಿನ ಒಂದು ರೆಸಾರ್ಟಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿನ ಅಡುಗೆಮನೆಯಲ್ಲಿ ಬ್ರೆಡ್ ಮಾಡುತ್ತಿದ್ದ ಹುಡುಗನನ್ನು ಮೆಚ್ಚಿದಳು. ಅವನು ಚಂದಕವಾಡಿಯವನು, ಕೂಲಿ ಮಾಡುವವರ ಮಗ, ಬೇರೆ ಜಾತಿ. ಊರಿಗೆ ಹೋಗಿ ಹೇಳಿದಾಗ ಅವಳ ಅಪ್ಪ ಹಾರೆ ಎತ್ತಿಕೊಂಡು ಬಂದನೆಂದು ಅಲ್ಲಿಂದ ಓಡಿಬಂದು ಅತ್ತೆಯ ಕಾಲು ಹಿಡಿದಳು. ಇವರು ಮೊದಲು ಅವಳ ಕೆನ್ನೆಗೆ ಬಿಟ್ಟರು. ಆಮೇಲೆ ತಾವೇ ಕರೆದುಕೊಂಡು ಹೋಗಿ ರಿಜಿಸ್ಟರ್ ಮದುವೆಗೆ ಸಾಕ್ಷಿ ನಿಂತು, ಇಬ್ಬರನ್ನೂ ಮನೆಗೆ ತುಂಬಿಸಿಕೊಂಡರು.

ಹುಡುಗ ಮೆದು ಮಾತಿನವನು. ಮೊದಲ ಸಲ ಬಂದಾಗ ಬಟ್ಟೆಯಲ್ಲಿ ಸುತ್ತಿ ಒಂದು ದುಂಡನೆಯ ಬ್ರೆಡ್ಡು ತಂದಿದ್ದ. ಕಂದು ಬಣ್ಣ, ಮೇಲೆ ಬಿರುಕು. ಇವರು ಬೆರಳಿನಿಂದ ಬಡಿದು ನೋಡಿದರು.

"ಇದೇನಪ್ಪ, ತಿನ್ನಕ್ಕಾ, ಒಡ್ಯಕ್ಕಾ?"

"ಒಳಗೆ ಮೆತ್ತಗದೆ ಮೇಡಂ."

"ಮೇಡಂ ಅನ್ಬ್ಯಾಡ. ಅವ್ಳು ಏನಂತಾಳೋ ಅದ್ನೇ ಅನ್ನು."

ಅವರ ಅಡುಗೆಮನೆಯಲ್ಲಿ ಅವನು ಹೊಸದಾಗಿ ಹೆಪ್ಪು ಎಬ್ಬಿಸಿದ. ಅವನು ಸ್ಟಾರ್ಟರ್ ಅನ್ನುತ್ತಿದ್ದ, ಇವರ ಬಾಯಲ್ಲಿ ಅದು ಎಪ್ಪು ಆಯಿತು. ಉಪ್ಪಿನಕಾಯಿಯ ಗಾಜಿನ ಜಾಡಿಯನ್ನು ಬಿಸಿನೀರಿನಲ್ಲಿ ತೊಳೆದು, ಮಿಲ್ಲಿನಲ್ಲಿ ಬೀಸಿಸಿದ ಗೋಧಿಹಿಟ್ಟಿಗೆ ಅಷ್ಟೇ ನೀರು ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟ. ಮೊದಲು ಗುಳ್ಳೆ ಎದ್ದಿತು. ಆಮೇಲೆ ಸತ್ತಂತೆ ಬಿದ್ದುಕೊಂಡು, ಹಳಸಿದ ಗಂಜಿಯ ವಾಸನೆ ಹೊಡೆಯಿತು. ಇವರು ಚೆಲ್ಲಲು ಹೊರಟರು. ಅವನು ಬೇಡವೆಂದ. ದಿನವೂ ಅರ್ಧ ತೆಗೆದು, ಉಳಿದದ್ದಕ್ಕೆ ಹೊಸ ಹಿಟ್ಟು, ಹೊಸ ನೀರು ಕೊಟ್ಟ. ತೆಗೆದ ಅರ್ಧಕ್ಕೆ ಈರುಳ್ಳಿ, ಮೆಣಸಿನಕಾಯಿ ಹೆಚ್ಚಿ ಹಾಕಿ ಇವರು ದೋಸೆ ಹುಯ್ಯುತ್ತಿದ್ದರು. ಆದರೂ ಜಾಡಿ ಏಳಲಿಲ್ಲ. "ರಾಗಿ ಆಕ್ದೆ ಅದೆಂತಾ ಇಟ್ಟು?" ಎಂದು ಇವರು ಅವನಿಗೆ ಹೇಳದೆ ಒಂದು ಚಮಚ ರಾಗಿಹಿಟ್ಟು ಕಲಸಿಬಿಟ್ಟರು. ಮಾರನೆಯ ದಿನ ಜಾಡಿ ಉಕ್ಕಿ ಬಟ್ಟೆಯನ್ನೂ ನೂಕಿ ಗೂಡಿನಿಂದ ಕೆಳಗೆ ಸುರಿಯುತ್ತಿತ್ತು. ಮೂವರೂ ಕುಣಿದಾಡಿದ ಗದ್ದಲ ಕೇಳಿ ನಾನು ಗೋಡೆಯಾಚೆಯಿಂದ ಓಡಿಬಂದೆ. ಮಾಗಿದ ಬಾಳೆಹಣ್ಣಿನಂಥ ಹುಳಿವಾಸನೆ ಮನೆಯೆಲ್ಲ ತುಂಬಿತ್ತು.

ಅಲ್ಲಿಂದ ಅದರ ಸೇವೆ ಶುರುವಾಯಿತು. ಹೆಪ್ಪು ಎಷ್ಟು ಏರಿತೆಂದು ತಿಳಿಯಲು ಜಾಡಿಗೊಂದು ರಬ್ಬರ್ ಬ್ಯಾಂಡು, ಬಟ್ಟೆಯ ಬದಲು ಸಡಿಲವಾದ ಮುಚ್ಚಳ. ಬೇಸಿಗೆಯಲ್ಲಿ ಎರಡು ಹೊತ್ತು ಹಿಟ್ಟು. ಹಸಿವಾದರೆ ಮೇಲೆ ಬೂದುಬಣ್ಣದ ನೀರು ನಿಲ್ಲುತ್ತದೆ. "ನೋಡಿ ಮೇಷ್ಟ್ರಮ್ಮ, ಒಟ್ಟೆ ಅಸ್ದು ನೀರ್ ಕಾರ್ಕತ್ತಾ ಅದೆ," ಎಂದು ಶಾಲೆಯಿಂದ ಬಂದವರೇ ಶೂ ಬಿಚ್ಚದೆ ಅದಕ್ಕೆ ಹಿಟ್ಟು ಕಲಸುತ್ತಿದ್ದರು. ಆದರೆ ಬ್ರೆಡ್ಡಿನ ಹಿಟ್ಟು ನಾದುವುದು ಮಾತ್ರ ಅವರಿಗೆ ಕೊನೆಗೂ ಬರಲಿಲ್ಲ. ಮಣೆಗೆ ಎತ್ತಿ ಬಡಿಯುತ್ತಿದ್ದರು, ಮುಷ್ಟಿ ಕಟ್ಟಿ ಗುದ್ದುತ್ತಿದ್ದರು.

"ಅತ್ತೆ, ಗುದ್ದಬ್ಯಾಡಿ. ಗಾಳಿಯೆಲ್ಲ ಓಯ್ತದೆ. ಒಂದ್ ಅಂಚು ಎತ್ತಿ ಮೇಲಕ್ಕೆ ಮಡ್ಚಿ, ಬುಟ್ಬುಡಿ. ಅಷ್ಟೇಯ."

"ಗುದ್ದದೆ ನಂಗೆ ಯಾವ್ದೂ ಬರಾಕಿಲ್ಲ ಕಣಪ್ಪ."

ಅವನು ಅವರ ಎರಡೂ ಕೈಗಳನ್ನು ತನ್ನ ಕೈಯೊಳಗೆ ಹಿಡಿದು ಒದ್ದೆ ಹಿಟ್ಟನ್ನು ಮೆಲ್ಲಗೆ ಎತ್ತಿಸಿದ, ಮಡಿಸಿದ. ಅಷ್ಟು ದೊಡ್ಡ ಹೆಂಗಸು ಉಸಿರು ಬಿಗಿಹಿಡಿದು ನಿಂತಿದ್ದರು. ಅವರ ಕೈಯನ್ನು ಯಾರಾದರೂ ಹಾಗೆ ಹಿಡಿದದ್ದು ನಾನು ಕಂಡದ್ದು ಅದೊಂದೇ ಸಲ.

ಅವನ ಸಾವು ಒಂದು ಭಾನುವಾರ ಹಾಡುಹಗಲಲ್ಲಿ ನಡೆಯಿತು. ನಾನು ಹಿತ್ತಿಲಿನಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮುಂದುಗಡೆ ಜೀಪು ನಿಂತ ಸದ್ದಾಯಿತು. ಜಗಲಿಯಲ್ಲಿ ನಡೆದದ್ದನ್ನು ಆಮೇಲೆ ಮೇಡಂ ಬಾಯಿಂದಲೇ ಕೇಳಿದೆ. ಮೇಡಮ್ಮಿನ ತಮ್ಮ ಬಂದಿದ್ದ, ಜೊತೆಗೆ ದಾಯಾದಿಗಳಿಬ್ಬರು. ಒಬ್ಬನ ಕೈಯಲ್ಲಿ ಗೋಣಿಚೀಲ. ಅಕ್ಕನಿಗೆ ಅರಿಸಿನ ತಂದಿದ್ದೇವೆ ಎಂದರಂತೆ. ತಮ್ಮ ಬಗ್ಗಿ ಅಕ್ಕನ ಕಾಲು ಮುಟ್ಟಿದ.

"ಆಗಿದ್ದು ಆಗೋಯ್ತು ಕಣಕ್ಕ. ಊರ್ಗೆ ಕರ್ಕಂಡೋಗಿ ನಾಕ್ ಜನಕ್ಕೆ ಊಟ ಆಕ್ಸನ ಅಂತ ಬಂದಿವ್ನಿ. ಅಳಿಯನ್ನ ಕರಿ, ಮಕ ನೋಡನ."

ಅವರು ನಂಬಿದರು. ತಾನು ಎತ್ತಿ ಬೆಳೆಸಿದವನ ಮುಖ ತನಗಲ್ಲದೆ ಇನ್ನಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಒಳಗೆ ಹಿಟ್ಟು ಮಡಿಸುತ್ತಿದ್ದ ಹುಡುಗನನ್ನು ಕೂಗಿದರು, "ಬಾಪ್ಪ, ನಿಮ್ಮಾವ ಬಂದವ್ರೆ. ಬಂದು ಆಸೀರ್ವಾದ ತಗೋ."

ಅವನು ಕೈ ತೊಳೆಯದೆ, ಹಿಟ್ಟು ಮೆತ್ತಿದ ಬೆರಳುಗಳನ್ನು ಬಿಡಿಸಿಕೊಂಡೇ ಜಗಲಿಗೆ ಬಂದ. ಕಾಲು ಮುಟ್ಟಲು ಬಗ್ಗಿದ. ಗೋಣಿಚೀಲದಿಂದ ಮಚ್ಚು ತಮ್ಮನ ಕೈಗೆ ಬಂತು. ಮೊದಲ ಏಟು ಕತ್ತಿಗೆ ಬಿತ್ತು. ಎರಡನೆಯದಕ್ಕೆ ಎತ್ತಿದಾಗ ಮೇಡಂ ಹಾರಿ ಬರಿಗೈಯಲ್ಲಿ ಅಲಗನ್ನೇ ಹಿಡಿದುಕೊಂಡರು. ತಮ್ಮ ಜಗ್ಗಿದ. ಅವರು ಬಿಡಲಿಲ್ಲ. ಅವನು ಮತ್ತೆ ಜಗ್ಗಿ ಎಳೆದುಕೊಂಡಾಗ ಅವರ ಬಲಗೈಯ ಮೂರು ಬೆರಳುಗಳು ಜಗಲಿಯ ಮೇಲೆ ಬಿದ್ದವು. ಹೆಬ್ಬೆರಳು, ತೋರುಬೆರಳು ಮಾತ್ರ ಉಳಿದವು. ಮಚ್ಚು ಇನ್ನೊಮ್ಮೆ, ಮತ್ತೊಮ್ಮೆ ಹುಡುಗನ ಮೇಲೆ ಇಳಿಯಿತು.

ಕಿರುಚಾಟ ಕೇಳಿ ನಾನು ಎದ್ದು ನಿಲ್ಲುವಷ್ಟರಲ್ಲಿ ಹುಡುಗಿ ಅಡುಗೆಮನೆಯ ಬಾಗಿಲಿನಿಂದ ಹಿತ್ತಿಲಿಗೆ ನುಗ್ಗಿದಳು. ಹಿಂದೆಯೇ ಬಂದ ದಾಯಾದಿಯೊಬ್ಬ ಅವಳ ಜಡೆ ಹಿಡಿದ. ನಾನು ಸೋಪಿನ ನೀರಿನ ಬಕೆಟ್ಟನ್ನು ಅವನ ಮುಖಕ್ಕೆ ಬೀಸಿದೆ. ಕಣ್ಣು ಉರಿದು ಅವನ ಹಿಡಿತ ಸಡಿಲವಾಯಿತು. ಅವಳನ್ನು ನನ್ನ ಮನೆಯೊಳಕ್ಕೆ ಎಳೆದುಕೊಂಡು ಅಗುಳಿ ಹಾಕಿದೆ. ಅವನು ಬಾಗಿಲನ್ನು ಒದ್ದ ಪ್ರತಿ ಒದೆತವೂ ನನ್ನ ಬೆನ್ನಿಗೆ ಬೀಳುತ್ತಿತ್ತು. ಹುಡುಗಿ ನನ್ನ ತೋಳನ್ನು ಕಚ್ಚಿದಳು, ಪರಚಿದಳು. ಬಾಗಿಲು ತೆಗೆಯಿರಿ, ಅವನ ಹತ್ತಿರ ಹೋಗಬೇಕು ಎಂದು ಅರಚಿದಳು. ನಾನು ಬಿಡಲಿಲ್ಲ.

ಆಮೇಲೆ ನಡೆದದ್ದನ್ನು ಎದುರುಮನೆಯವರು ನೋಡಿದ್ದಾರೆ. ಮೇಡಂ ಮನೆಯ ಬಾಗಿಲಿಗೆ ಒತ್ತಾಗಿ ಇಟ್ಟುಕೊಂಡಿದ್ದ ಹಳೆಯ ಕಬ್ಬಿಣದ ಗುಂಡನ್ನು, ಶಾಟ್‌ಪುಟ್ ಗುಂಡನ್ನು, ಎಡಗೈಯಲ್ಲಿ ಎತ್ತಿಕೊಂಡರು. ತಮ್ಮ ಜೀಪು ಹತ್ತಲು ಓಡುತ್ತಿದ್ದ. ಎಸೆದ ಗುಂಡು ಅವನ ಮೊಣಕಾಲಿಗೆ ಬಡಿಯಿತು. ಮೂಳೆ ಮುರಿದ ಸದ್ದು ರಸ್ತೆಯಾಚೆಗೆ ಕೇಳಿತಂತೆ. ಅವನು ಬಿದ್ದ. ಉಳಿದಿಬ್ಬರು ಅವನನ್ನು ಬಿಟ್ಟು ಪರಾರಿಯಾದರು. ಜನ ಅವನನ್ನು ಮುತ್ತಿಕೊಂಡು ಪೊಲೀಸರು ಬರುವವರೆಗೂ ಬಡಿದರು. ಮೇಡಂ ಆ ಕಡೆ ತಿರುಗಿಯೂ ನೋಡದೆ ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ರಕ್ತ ಯಾವುದು, ಅವನದು ಯಾವುದು ತಿಳಿಯುವಂತಿರಲಿಲ್ಲ. ಪೊಲೀಸಿನವರು ಏನು ಕೇಳಿದರೂ ಅವರ ಬಾಯಲ್ಲಿ ಒಂದೇ ಮಾತು.

"ಬಾಪ್ಪ ಅಂತ ಕರ್ದಿದ್ದು ನಾನೇಯ."

ಅವರು ಮೈಸೂರಿನ ಆಸ್ಪತ್ರೆಯಲ್ಲಿದ್ದಾಗ ಜಾಡಿಯನ್ನು ನಾನು ನೋಡಿಕೊಂಡೆ. ಹುಡುಗಿ ನನ್ನ ಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಅವರು ವಾಪಸು ಬಂದ ದಿನ, ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು, ಎಡಗೈಯಲ್ಲಿ ಜಾಡಿಗೆ ಹಿಟ್ಟು ಹಾಕಲು ನಿಂತರು. ಹುಡುಗಿ ನೋಡಿದಳು. ಎದ್ದು ಬಂದವಳೇ ಜಾಡಿಯನ್ನು ಕಿತ್ತುಕೊಂಡು ನೆಲಕ್ಕೆ ಅಪ್ಪಳಿಸಿದಳು. ಗಾಜು ಸಿಡಿದು ನನ್ನ ಕಾಲಿಗೆ ತಾಗಿತು.

"ಅವ್ನೇ ಇಲ್ಲ. ಇದ್ಯಾಕ್ ಬದ್ಕಬೇಕು? ನೀನ್ಯಾಕ್ ಬದ್ಕಿದ್ದೀ? ನೀನೇ ಅಲ್ವ ಕರ್ದೋಳು?" ಎಂದು ಅತ್ತೆಯ ಎದೆಗೆ, ಮುಖಕ್ಕೆ, ಗಾಯದ ಕೈಗೆ ಎರಡೂ ಕೈಯಲ್ಲಿ ಗುದ್ದಿದಳು. ಬ್ಯಾಂಡೇಜಿನ ಮೇಲೆ ರಕ್ತ ಹೂವಿನಂತೆ ಹರಡಿತು. ನಾನು ತಡೆಯಲು ಹೋದರೆ ಮೇಡಂ ಎಡಗೈಯಿಂದ ನನ್ನನ್ನೇ ಹಿಂದಕ್ಕೆ ತಳ್ಳಿದರು.

"ಒಡಿ ಕಣಮ್ಮಿ. ಸಾಕಾಗೋವರ್ಗೂ ಒಡಿ."

ಅವಳು ಕೈ ಸೋತು ಅವರ ಮೇಲೆಯೇ ಒರಗಿ ಬಿದ್ದಳು. ಆಕೆಯನ್ನು ಮಲಗಿಸಿ ಬಂದು ಮೇಡಂ ಜಾಡಿಯ ಮುಚ್ಚಳವನ್ನು ಹುಡುಕಿದರು. ಹಿಟ್ಟು ಹಾಕಲೆಂದು ಮುಂಚೆಯೇ ತೆಗೆದು ಕಟ್ಟೆಯ ಮೇಲಿಟ್ಟಿದ್ದ ಮುಚ್ಚಳ, ಗಾಜು ತಾಗಿರಲಿಲ್ಲ. ಅದರ ಒಳಗೆ ಒಣಗಿದ ಹಿಟ್ಟಿನ ಹಕ್ಕಳೆ ಮೆತ್ತಿಕೊಂಡಿತ್ತು. ಉಗುರಿನಲ್ಲಿ ಕೆರೆದು ಸ್ಟೀಲ್ ಲೋಟಕ್ಕೆ ಹಾಕಿ, ನೀರು ಚಿಮುಕಿಸಿ, ಹಿಟ್ಟು ಬೆರೆಸಿದರು. "ಆ ಮಗ ಕೈಯಾರ ಮಾಡಿದ್ದು ಇದೊಂದೇಯ ಉಳ್ದಿರೋದು," ಎಂದರು. ಎರಡು ದಿನ ಅದು ಅಲ್ಲಾಡಲಿಲ್ಲ. ಆಮೇಲೆ ಒಂದು ಗುಳ್ಳೆ ಬಂತು.

ಅವರ ಊರಿನವರು ಸುಮ್ಮನಿರಲಿಲ್ಲ. ಸಾಕ್ಷಿ ಹೇಳಬೇಡ ಎಂದು ಚಿಕ್ಕಪ್ಪ ಬಂದು ಬೇಡಿದರು. ಆಮೇಲೆ ಬೈದರು. ಆಮೇಲೆ ಕಲ್ಲುಗಳು ಬಿದ್ದವು. ಅವರ ಸ್ಕೂಟರಿಗೆ ಬೆಂಕಿ ಬಿತ್ತು. ಸಂತೆಗೆ ಹೋದಾಗ ಬೈಕಿನಲ್ಲಿ ಬಂದವನೊಬ್ಬ ಸೈಕಲ್ ಚೈನಿನಿಂದ ಬೆನ್ನಿಗೆ ಬಾರಿಸಿ ಹೋದ. ಹಳೆಯ ಬರೆಯ ಮೇಲೆ ಹೊಸ ಬರೆ. ನಾನು ಅರಿಸಿನ ಹಚ್ಚುವಾಗ, "ಅಪ್ಪಂಗಿಂತ ಜೋರಾಗ್ ಒಡ್ಯೋನಲ್ಲ ಬುಡಿ," ಎಂದರು.

ಚಾಮರಾಜನಗರದ ಕೋರ್ಟಿನಲ್ಲಿ ಅವರು ಕಟಕಟೆ ಹತ್ತಿದ ದಿನ ನಾನಿದ್ದೆ. ತಮ್ಮ ಊರುಗೋಲಿನ ಮೇಲೆ ನಿಂತಿದ್ದ. ಅವನ ಪರ ವಕೀಲರು ನಗುತ್ತ ಕೇಳಿದರು, "ಮೇಡಂ, ಹೊಡೆಯೋದರಲ್ಲಿ ನೀವೂ ಹೆಸರುವಾಸಿ, ಅಲ್ಲವೆ?"

"ಔದು ಸ್ವಾಮಿ. ಅದ್ಕೇ ಏಳ್ತಿವ್ನಿ. ಒಡ್ಯಕ್ಕೆ ಎತ್ತಿದ ಕೈ ಯಾವ್ದು, ಕೊಲ್ಲಕ್ಕೆ ಎತ್ತಿದ ಕೈ ಯಾವ್ದು ನಂಗೊತ್ತು. ಇಂವ ಕೊಲ್ಲಕ್ಕೇ ಬಂದಿದ್ದ."

"ಮಚ್ಚು ಹಿಡಿದಿದ್ದು ನಿಮ್ಮ ತಮ್ಮನೇ ಅಂತ ಖಚಿತವೆ?"

ಅವರು ಎರಡೇ ಬೆರಳು ಉಳಿದಿದ್ದ ಕೈಯನ್ನು ಎತ್ತಿ ತಮ್ಮನ ಕಡೆ ತೋರಿಸಿದರು. "ನಾನು ಉಗುರು ಕತ್ರಿಸಿ, ತುತ್ತು ಇಡ್ಯಾದು ಕಲ್ಸಿದ ಕೈ ಅದು. ನಂಗೆ ಗುರ್ತು ಸಿಕ್ಕಲ್ವ?"

ತಮ್ಮ ಅಲ್ಲಿಯೇ ಅತ್ತ. ಅವರು ಅಳಲಿಲ್ಲ. ಕೊನೆಗೆ ತೀರ್ಪು ಬಂದಾಗ ಅವನಿಗೆ ಜೀವಾವಧಿ ಆಯಿತು, ಆಮೇಲೆ ಸಿಕ್ಕಿಬಿದ್ದಿದ್ದ ದಾಯಾದಿಗಳಿಗೂ ಶಿಕ್ಷೆಯಾಯಿತು.

ಆಮೇಲೆ ಅವರು ಯಾರಿಗೂ ಹೊಡೆಯಲಿಲ್ಲ. ಬೆತ್ತ ಹಿಡಿಯಲು ಬಲಗೈ ಬಾರದು ನಿಜ, ಎಡಗೈ ಇತ್ತಲ್ಲ. ಎರಡು ಬೆರಳು, ಒಂದು ಮೊಂಡು ಅಂಗೈ ಇಟ್ಟುಕೊಂಡು ಬ್ರೆಡ್ಡಿನ ಹಿಟ್ಟನ್ನು ಎತ್ತಿ ಮಡಿಸುವುದನ್ನು ಕಲಿತರು. ಈಗ ಗುದ್ದಲು ಆಗುತ್ತಲೂ ಇರಲಿಲ್ಲ. ಹುಡುಗ ತಂದಿಟ್ಟಿದ್ದ ಸಣ್ಣ ಓವನ್ನಿನಲ್ಲಿ ಬೇಯಿಸುತ್ತಿದ್ದರು. ಮೊದಲು ಸುಟ್ಟವು, ಆಮೇಲೆ ಒಳಗೆ ಹಸಿ ಉಳಿದವು. ಸರಿಯಾಗಿ ಬಂದ ಮೊದಲನೆಯದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, "ಚಂದಕವಾಡಿಗೆ ಓಗನ ಬನ್ನಿ ಮೇಷ್ಟ್ರಮ್ಮ," ಎಂದರು.

ಹುಡುಗನ ತಾಯಿ ಅಂಗಳ ಗುಡಿಸುತ್ತಿದ್ದಳು. ನಮ್ಮನ್ನು ನೋಡಿದವಳೇ ಪೊರಕೆ ತಿರುಗಿಸಿ ಹಿಡಿಯಿಂದ ಮೇಡಮ್ಮಿನ ಮುಖಕ್ಕೆ ಬೀಸಿದಳು. ಹುಬ್ಬು ಒಡೆಯಿತು.

"ನಿನ್ ತಮ್ಮ ಕತ್ತರ್ಸಿದ. ನೀನು ತಿನ್ಸಕ್ ಬಂದಿದ್ದೀಯಾ? ನನ್ ಮಗನ್ ಪ್ರಾಣ ತಂದ್ಕೊಡು, ಆಮೇಲೆ ತತ್ತಾ ನಿನ್ ಬ್ರೆಡ್ಡು!"

ಬ್ರೆಡ್ಡನ್ನು ಕಸಿದು ಅವರ ಎದೆಗೇ ಎಸೆದಳು. ಅದು ಮಣ್ಣಿಗೆ ಬಿತ್ತು. ಮೇಡಂ ಎತ್ತಿಕೊಂಡು, ಒರೆಸಿ, ಹುಬ್ಬಿನ ರಕ್ತ ಒರೆಸಿಕೊಳ್ಳದೆ ಹಿಂದಿರುಗಿದರು. ಮುಂದಿನ ಭಾನುವಾರ ಮತ್ತೆ ಹೋದರು. ಬಾಗಿಲು ಮುಚ್ಚಿತ್ತು. ಹೊಸ್ತಿಲ ಮೇಲಿಟ್ಟು ಬಂದರು. ಬಾಗಿಲು ಮುಚ್ಚಿಯೇ ಇದ್ದ ಭಾನುವಾರಗಳು ಎಷ್ಟೋ. ನನಗೆ ಬೇಸರವಾಗಿ ಒಮ್ಮೆ ಬರುವುದಿಲ್ಲ ಎಂದೆ. "ನೀವ್ ಬರ್ಬ್ಯಾಡಿ. ಕರ್ದಿದ್ದು ನಾನು," ಎಂದು ಒಬ್ಬರೇ ಬಸ್ಸು ಹತ್ತಿದರು.

ಒಂದು ಮಳೆಯ ದಿನ ಬಾಗಿಲು ತೆರೆದಿತ್ತು. ಅಂದು ನಾನೂ ಇದ್ದೆ. ಆ ತಾಯಿ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಅಗಿದಳು.

"ಇಂತದ್ನೇ ತಂದಿದ್ದ ಒಂದ್ ಕಿತ. ಥೂ ಉಳಿ, ಅಳಸೋಗದೆ ಅಂತ ಬಯ್ದು ದನಕ್ಕೆ ಆಕ್ಬುಟ್ಟೆ. ನಕ್ಕಂಡ್ ಸುಮ್ಕಾದ," ಎಂದಳು. ಆಮೇಲೆ ಆ ಚೂರನ್ನು ನುಂಗಲಾಗದೆ, ಉಗಿಯಲಾಗದೆ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದಳು. ಮೇಡಂ ತಮ್ಮ ಮೊಂಡು ಅಂಗೈಯನ್ನು ಗೋಡೆಗೂ ಅವಳ ಹಣೆಗೂ ನಡುವೆ ಇಟ್ಟರು. ಅವಳು ಚಚ್ಚಿಕೊಂಡಷ್ಟೂ ಏಟು ಆ ಕೈಗೆ ಬಿತ್ತು. ತೆಗೆಯಲಿಲ್ಲ.

ಆಮೇಲೆ ಆ ಮನೆಯಲ್ಲೂ ಒಂದು ಜಾಡಿ ಹೆಪ್ಪು ಇತ್ತು. ಹುಡುಗಿಯೂ ಎದ್ದು ಕೂತಳು, ಅತ್ತೆಯ ಜೊತೆ ಹಿಟ್ಟು ಮಡಿಸಿದಳು, ಈಗ ಚಾಮರಾಜನಗರದ ಒಂದು ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ. ಅತ್ತೆಯನ್ನು ಪೂರ್ತಿ ಕ್ಷಮಿಸಿದಳೋ ಇಲ್ಲವೋ ನಾನು ಕೇಳಲಿಲ್ಲ. ರಜೆಯ ದಿನ ಬಂದು ಅತ್ತೆಯ ತಲೆ ಬಾಚಿಕೊಡುತ್ತಿದ್ದಳು. ಮೇಡಂ ತಮ್ಮನನ್ನು ನೋಡಲು ಜೈಲಿಗೆ ಒಮ್ಮೆಯೂ ಹೋಗಲಿಲ್ಲ. ಅವನ ಹೆಸರನ್ನೂ ಎತ್ತಲಿಲ್ಲ.

ಗುಂಡ್ಲುಪೇಟೆಯ ರುದ್ರಭೂಮಿಯಲ್ಲಿ ಅವರನ್ನು ಅವರ ಮನೆತನದ ಪದ್ಧತಿಯಂತೆ ಗುಂಡಿಗೆ ಇಳಿಸಿ ಕೂರಿಸಿದ್ದರು. ಶಾಲೆಯ ಮಕ್ಕಳೆಲ್ಲ ಬಂದಿದ್ದರು. ಮಣ್ಣು ಹಾಕುವ ಹೊತ್ತಿಗೆ ಪೊಲೀಸ್ ವ್ಯಾನು ಬಂತು. ಒಡಹುಟ್ಟಿದವಳ ಮಣ್ಣಿಗೆ ಹೋಗಲು ತಮ್ಮನಿಗೆ ಅನುಮತಿ ಸಿಕ್ಕಿತ್ತು. ಕೂದಲು ನೆರೆತು ಇಳಿದುಹೋಗಿದ್ದ ಆತ ಕಾಲೆಳೆದುಕೊಂಡು, ಇಬ್ಬರು ಕಾನ್‌ಸ್ಟೇಬಲ್‌ಗಳ ನಡುವೆ ಗುಂಡಿಯ ಹತ್ತಿರ ಬಂದ. ಬಗ್ಗಿ ಹಿಡಿ ಮಣ್ಣು ಎತ್ತಿಕೊಂಡ.

ಹುಡುಗಿ ಅಡ್ಡ ಬಂದು ನಿಂತಳು.

"ಮುಟ್ಬ್ಯಾಡ."

"ನನ್ನ ಸಾಕ್ದೋಳು ಕಣಮ್ಮಿ," ಎಂದ ಅಪ್ಪ. ಕಣ್ಣಿನಿಂದ ನೀರು ಸುರಿಯುತ್ತಿತ್ತು. "ಎತ್ತಿ ಆಡ್ಸಿದೋಳು."

"ಅದ್ಕೇಯ ಮುಟ್ಬ್ಯಾಡ ಅಂದಿದ್ದು."

ನೆಂಟರ ಗುಂಪಿನಲ್ಲಿ ಯಾರೋ ಕೆಮ್ಮಿದರು. ಅವನ ಮುಷ್ಟಿ ಸಡಿಲಿ ಮಣ್ಣು ಅವನ ಪಾದದ ಮೇಲೆಯೇ ಉದುರಿತು. ಹುಡುಗಿ ಕೈ ಚಾಚಿ ಹಿಂದೆ ನಿಂತಿದ್ದ ಚಂದಕವಾಡಿಯ ತಾಯಿಯನ್ನು ಮುಂದಕ್ಕೆ ಕರೆದಳು. ಮೊದಲ ಹಿಡಿ ಮಣ್ಣನ್ನು ಆಕೆ ಹಾಕಿದಳು.